ಕೊಸರು

ಮೊದಲ ಗಿರಾಕಿ ಕೇಳಿದ್ದು ಒಂದೇ ಮಾತು:
"ಎಷ್ಟಪಾ?"

ತಗಡಿನ ತೂತಿನಿಂದ ಬೆಳಗಿನ ಏಳಕ್ಕೆ
ಭಟ್ಟಿಯ ಹೊಗೆ ಸೀಳಿ ಇಳಿದ ಒಂದು ಕೋಲು ಬಿಸಿಲು,
ಅದರೊಳಗೆ ಜರಡಿ ಎತ್ತಿದ ಖೈರುನ್ನಿಸಾ,
ಕಾದ ಮರಳಲ್ಲಿ ಆಗತಾನೆ ಅರಳಿ
ಗಾಳಿಯಲ್ಲೇ ನಿಂತುಬಿಟ್ಟ ಮಂಡಕ್ಕಿ.
ಇದಕ್ಕೆ ಎಷ್ಟು?

ಕ್ಯಾಮೆರಾದ ಕಂತು ಇನ್ನೂ ಹದಿನಾಲ್ಕು ಬಾಕಿ.
ಅದನ್ನು ಭಾಗಿಸಿದೆ. ಬಸ್ ಚಾರ್ಜು ಕೂಡಿಸಿದೆ.
ಏಳು ದಿನ ಬರಿಗೈಲಿ ಬಂದದ್ದನ್ನು ಎಲ್ಲಿ ಬರೆಯುವುದು?
ಕೆಮ್ಮಿದ್ದನ್ನು?
ಐದುನೂರು ಎಂದು ಬರೆದು, ಹೊಡೆದು,
ಐದು ಸಾವಿರ ಬರೆದು, ನನಗೇ ನಗು ಬಂದು
ಹಾಳೆ ಮಡಿಚಿ ಜೇಬಿಗಿಟ್ಟೆ.

ಹಾಲೇಶಪ್ಪನವರ ಅಂಗಡಿ ಚೌಕಿಪೇಟೆಯಲ್ಲಿ.
ಅರ್ಧ ಕೇಜಿ ಪ್ಯಾಕೆಟ್ಟಿಗೆ ಹೊಸ ಮುಖ ಬೇಕಿತ್ತು.
"ಬಟನ್ ಒತ್ತಿದ್ದಲ್ಲೇನು, ಅದಕ್ಕೇನು ಖರ್ಚು?
ಮೂಲೆಯಾಗೆ ನಿನ್ನ ಹೆಸರು ಬರ್ತತಿ.
ಮುಂದೆ ಮಗಳ ಮದುವಿ ಐತಿ, ಅದೂ ನಿನಗೇ.
ಇನ್ನೊಂದು ನಾಲ್ಕು ಪಟ ಕೊಸರು ಹಾಕಿಬಿಡು."

ರೇಟು ಕೇಳಲು ಹೋದದ್ದು ಗುಡ್ಡಪ್ಪ ಮಾವನ ಹತ್ತಿರ.
ಕ್ಯಾಮೆರಾ ಮುಟ್ಟಿದವನಲ್ಲ. ಶಾಮಿಯಾನ, ಪಾತ್ರೆ ಬಾಡಿಗೆ,
ಮೂವತ್ತೊಂದು ವರ್ಷ.
ಹಂಡೆಯ ಕಂಠಕ್ಕೆ ಕೊರೆದ ಅಕ್ಷರ ಸವರುತ್ತ ಅಂದ:
"ಮಾರ್ತೀಯೋ, ಬಾಡಿಗೆಗೆ ಕೊಡ್ತೀಯೋ, ಮೊದಲು ಹೇಳು.
ಎಷ್ಟು ದಿನ? ಎಷ್ಟು ಮಂದಿ ಊಟ?
ನಾಮಕರಣಕ್ಕೆ ಒಯ್ದ ಹಂಡೆಯಾಗೆ
ಹಂಗೇ ಮದುವಿನೂ ಮುಗಿಸಿದರೆ ಎರಡು ಬಾಡಿಗೆ.
ಬೀಗರ ಊರಿಗೆ ದಾಟಿಸಿದರೆ ಮೂರು.
ಬರಕೊಂಡು ರುಜು ಹಾಕಿಸು.
ಬಾಯಿಮಾತು ಮುಸುರೆ ಜೊತೆ ತೊಳೆದು ಹೋಗ್ತತಿ."

ಬರೆದೆ. ಒಂದು ವರ್ಷ. ಅರ್ಧ ಕೇಜಿ ಪ್ಯಾಕೆಟ್ಟು ಮಾತ್ರ.
ಕ್ಯಾಲೆಂಡರಿಗೆ ಬೇರೆ, ಗಾಡಿಯ ಮೈಮೇಲೆ ಬೇರೆ,
ಮತ್ತೊಬ್ಬರಿಗೆ ಕೊಡುವ ಹಾಗಿಲ್ಲ.
ಎರಡು ಸಾವಿರದ ಎಂಟುನೂರು.
ಹಾಲೇಶಪ್ಪ ಕನ್ನಡಕ ಏರಿಸಿ, ಇಳಿಸಿ,
"ಪಟಕ್ಕೂ ಬಾಡಿಗೆ ಕರಾರೇನಲೇ!" ಎಂದು
ಗಲ್ಲಾದ ಹುಡುಗನ ಕಡೆ ನಕ್ಕರು.
ಎಂಟುನೂರು ಹಾರಿತು. ಉಳಿದದ್ದಕ್ಕೆ ರುಜು ಬಿತ್ತು.

ಆದರೆ ಹಂಡೆ ವಾಪಸ್ಸು ಬರುತ್ತದೆ, ಮಾವ,
ನೆಗ್ಗಿದರೂ, ತಳ ಕರಿಯಾದರೂ.
ಪಟ ಹೋದ ಹೋದಲ್ಲೆಲ್ಲ ಮರಿ ಹಾಕುತ್ತದೆ.
ಮೂರೇ ತಿಂಗಳಿಗೆ ಹರಿಹರದ ಬಸ್ಸಿನ ಬೆನ್ನ ಮೇಲೆ
ಆಳೆತ್ತರದ ಖೈರುನ್ನಿಸಾ ಹೊರಟಿದ್ದಳು.
ನನ್ನ ಹೆಸರಿದ್ದ ಮೂಲೆಯನ್ನು ಬಂಪರ್ ತಿಂದಿತ್ತು.
ಸಾಕ್ಷಿಗಿರಲಿ ಎಂದು ಅದರದ್ದೂ ಒಂದು ಪಟ ತೆಗೆದೆ.

ಕರಾರು ಹಿಡಿದು, ಎರಡನೇ ಬಾಡಿಗೆಗೆ ಹೊರಟವನು
ದಾರಿಯಲ್ಲಿ ಭಟ್ಟಿಗೆ ಇಣುಕಿದೆ.
ಅವಳ ಬಲಗಣ್ಣಿಗೆ ಹೊಗೆ. ಎಡಗಣ್ಣಲ್ಲೇ ನೋಡಿ,
"ಬಸ್ಸಿನ ಮ್ಯಾಲೆ ನಾನೇ ಅದೀನಂತೆ, ಸೊಸಿ ಅಂದಳು.
ಯಾರನ್ನ ಕೇಳಿ ಕೊಟ್ಟೆ?"
ಸಿಟ್ಟಿರಲಿಲ್ಲ. ಸೇರಿಗೆಷ್ಟು ಎಂದು ಕೇಳುವ ದನಿ.

ಕರಾರಿನಲ್ಲಿ ಪ್ಯಾಕೆಟ್ಟಿನ ತೂಕ ಕೂಡ ಇತ್ತು.
ಅವಳು ಇರಲಿಲ್ಲ.

"ಬಸ್ಸಿನ ದುಡ್ಡು ಬಂದರೆ ಅರ್ಧ ನಿಮಗೆ" ಅಂದೆ.
"ಅರ್ಧ ಯಾಕೆ?
ಮುಖ ನಂದು, ಜರಡಿ ನಂದು, ಹೊಗಿ ನಂದು.
ನಿಂದೇನೈತಿ? ಬಿಸಿಲು.
ಅದೂ ಸಾಹುಕಾರನ ತಗಡಿನ ತೂತಿಂದು."
ಸುತ್ತ ಇದ್ದವರೆಲ್ಲ ನಕ್ಕರು. ನಾನೂ.
ನಗುತ್ತಲೇ ಲೆಕ್ಕ ಹಾಕುತ್ತಿದ್ದೆ, ತಪ್ಪುತ್ತಿತ್ತು.

ಹೊರಡುವಾಗ ಒಂದು ಸೇರು ಮಂಡಕ್ಕಿ ಕೊಂಡೆ.
ರೊಕ್ಕ ಎಣಿಸಿಕೊಂಡಳು, ಒಂದು ರೂಪಾಯಿ ಬಿಡಲಿಲ್ಲ.
ಆಮೇಲೆ, ನಾನು ಕೇಳದೆಯೇ,
ಬಾಯಿ ಕಟ್ಟುವ ಮುಂಚೆ ಚೀಲಕ್ಕೆ
ಬೊಗಸೆ ತುಂಬ ಇನ್ನಷ್ಟು ಸುರಿದಳು.

ಹೊಸ ಕರಾರಿಗೆ ಮೂರನೇ ರುಜುವಿನ ಗೆರೆ ಎಳೆದಿದ್ದೇನೆ.
ಎಷ್ಟು ಎಂಬಲ್ಲಿ ಇನ್ನೂ ಖಾಲಿ.
ಲೆನ್ಸು ಒರೆಸುವ ಬಟ್ಟೆ ಕೊಡವಿದಾಗಲೆಲ್ಲ
ಎಲ್ಲಿಂದಲೋ ಒಂದು ಮಂಡಕ್ಕಿ ಬೀಳುತ್ತದೆ.